ನೋವಿನ ನಡುವಿನ ಬಿಡುವು

ಹೆರಿಗೆ ನೋವೆಂದರೆ ಬಿಟ್ಟೂಬಿಡದೆ ಹಿಂಡುವ ನೋವು ಎಂದು ಹೆರದವರು ಅಂದುಕೊಂಡಿರುತ್ತಾರೆ. ಹೆತ್ತವರ ಲೆಕ್ಕ ಬೇರೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದು ಬೇನೆ ಬಲಿತ ಮೇಲೂ ಹತ್ತು ನಿಮಿಷಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಹೊಟ್ಟೆ ಕಲ್ಲಾಗುತ್ತದೆ. ಕೂಡಿಸಿದರೆ ಹೆಚ್ಚೆಂದರೆ ಮೂರು ನಿಮಿಷ ನೋವು, ಉಳಿದ ಏಳು ನಿಮಿಷ ಬಿಡುವು. ಸೊಂಟದಲ್ಲಿ ಹುಟ್ಟಿದ ನೋವು ಮುಂದಕ್ಕೆ ಸುತ್ತಿಕೊಂಡು ಬಂದು, ಇನ್ನು ತಡೆಯಲಾರೆ ಎನ್ನುವಷ್ಟರಲ್ಲಿ ಇಳಿದುಹೋಗುತ್ತದೆ. ಆ ಬಿಡುವಿನಲ್ಲಿ ನೀರು ಕುಡಿಯುವವರುಂಟು, ಗಂಡನನ್ನು ಬೈಯುವವರುಂಟು, ಕಣ್ಣು ಮುಚ್ಚಿ ಗೊರಕೆ ಹೊಡೆಯುವವರೂ ಉಂಟು.

ಬಿಡುವು ಮಗುವಿಗೂ ಬೇಕು. ಗರ್ಭಕೋಶ ಬಿಗಿದಾಗ ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಸಡಿಲಿಸಿದಾಗ ಮತ್ತೆ ಹರಿಯುತ್ತದೆ. ಔಷಧಿಯಿಲ್ಲದ ಹೆರಿಗೆ ತಾಳಿಕೊಳ್ಳುವ ಹಾಗಿರುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಈ ಬಿಡುವನ್ನು ಯಾರು ಕಾಯುತ್ತಾರೆ, ಯಾರು ಕಸಿಯುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ಕಸಿಯುವುದರಲ್ಲಿ ಹೆದರಿಕೆಗೇ ಮೊದಲ ಸ್ಥಾನ. ಮುಂದಿನ ನೋವಿಗೆ ಹೆದರಿ ಹಲ್ಲು ಕಚ್ಚಿ, ಭುಜ ಬಿಗಿದು ಕೂತವಳಿಗೆ ಏಳು ನಿಮಿಷವೂ ನೋವೇ. ಬೇನೆಯನ್ನು ನಡೆಸುವ ಆಕ್ಸಿಟೋಸಿನ್ ಮಿದುಳಿನಿಂದ ಬರುತ್ತದೆ. ಹೆದರಿಕೆಯಲ್ಲಿ ಹೊಮ್ಮುವ ಅಡ್ರಿನಲಿನ್ ಅದರ ಕೆಲಸಕ್ಕೆ ಅಡ್ಡಬರಬಲ್ಲದು. ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ 1933ರಲ್ಲೇ ಹೆರಿಗೆಯ ಹೆದರಿಕೆಯ ಬಗ್ಗೆ ಪುಸ್ತಕ ಬರೆದ. ಹೆದರಿಕೆಯಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತಷ್ಟು ಹೆದರಿಕೆ ಎನ್ನುವುದು ಅವನ ವಾದ. ಹೆದರಿಕೆ ಹೋದರೆ ನೋವೇ ಹೆಚ್ಚುಕಡಿಮೆ ಇರುವುದಿಲ್ಲ ಎನ್ನುವವರೆಗೂ ಅದನ್ನು ಎಳೆದ. ಹೆರದ ಗಂಡಸಿನ ಮಾತು ಅದು. ಅರ್ಧ ಒಪ್ಪಿದರೆ ಸಾಕು.

ಬಿಡುವನ್ನು ಕಾಯುವುದು ಹತ್ತಿರ ಕೂತವರ ಕೆಲಸ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಂಥ ಅಜ್ಜಿಯರು ಕಾಸು ಕೇಳದೆ ಊರೂರಿಗೆ ಹೋಗಿ ಮಾಡುತ್ತಿದ್ದ ಕೆಲಸದಲ್ಲಿ ಕೈಚಳಕ ಎಷ್ಟಿತ್ತೋ, ಸೊಂಟ ನೀವುತ್ತಾ "ಆಯ್ತು ಕಣವ್ವಾ, ಇದೂ ಹೋಯ್ತು" ಅನ್ನುವುದೂ ಅಷ್ಟೇ ಇತ್ತು. ಇದು ಬರೀ ಸಮಾಧಾನದ ಮಾತಲ್ಲ. 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಪ್ರಯೋಗಗಳನ್ನು 2017ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗಿಟ್ಟು ನೋಡಿದಾಗ, ಉದ್ದಕ್ಕೂ ಒಬ್ಬರು ಜೊತೆಗಿದ್ದ ಕಡೆ ಸಿಸೇರಿಯನ್ ಕಡಿಮೆ, ನೋವಿನ ಔಷಧಿ ಕಡಿಮೆ, ಬೇನೆಯ ಹೊತ್ತೂ ತುಸು ಕಡಿಮೆ ಎಂದು ಕಂಡುಬಂತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯೊಳಗೆ ತಾಯಿಯೋ ಅಕ್ಕನೋ ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಹೇಳಿತು. ಬಾಗಿಲಲ್ಲಿ ತಡೆದರೆ ಇದನ್ನು ನೆನಪಿಸಿ.

ನಮ್ಮಲ್ಲಿ 'ನಾರ್ಮಲ್' ಎಂದು ಲೆಕ್ಕಕ್ಕೆ ಬರುವ ಎಷ್ಟೋ ಹೆರಿಗೆಗಳಲ್ಲಿ ಒಂದು ಔಷಧಿ ಇದ್ದೇ ಇರುತ್ತದೆ. ಅದು ನೋವು ಇಳಿಸುವುದಲ್ಲ, ಏರಿಸುವುದು. ಜನ ಅದನ್ನು ನೋವು ಬರೋ ಇಂಜೆಕ್ಷನ್ ಎನ್ನುತ್ತಾರೆ. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಪ್ರಯೋಗಾಲಯದಲ್ಲಿ ತಯಾರಿಸಿದ, 1955ರ ನೊಬೆಲ್‌ಗೆ ದಾರಿಯಾದ ಆಕ್ಸಿಟೋಸಿನ್ನೇ ಅದು. ಬೇನೆ ನಿಂತುಹೋದಾಗ ಅದರಿಂದ ಉಪಕಾರವುಂಟು. ಹಾಸಿಗೆ ಬೇಗ ಖಾಲಿಯಾಗಲಿ ಎಂದು ಡ್ರಿಪ್ ಏರಿಸಿದರೆ ಮಾತ್ರ ಮೊದಲು ಕರಗುವುದು ಬಿಡುವೇ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಸಲ ಗರ್ಭಕೋಶ ಬಿಗಿಯತೊಡಗಿದರೆ ಮಗುವಿನ ಎದೆಬಡಿತಕ್ಕೆ ಅಪಾಯ. "ಯಾಕೆ ಹಾಕ್ತಿದೀರಾ ಸಿಸ್ಟರ್?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಬಿಡುವಿನಲ್ಲಿ ಮಾಸಿಗೆ ಮತ್ತೆ ಹರಿಯಬೇಕಾದ ರಕ್ತಕ್ಕೆ ಅಂಗಾತ ಮಲಗಿಸುವುದೂ ಅಡ್ಡಿ. ತುಂಬಿದ ಗರ್ಭಕೋಶದ ಭಾರ ಬೆನ್ನಿನ ಕಡೆಯ ದೊಡ್ಡ ರಕ್ತನಾಳಗಳ ಮೇಲೆ ಬೀಳುತ್ತದೆ. ಅದರ ಬದಲು ಹೆರುವವಳು ಓಡಾಡಲಿ, ಗೋಡೆ ಹಿಡಿದು ನಿಲ್ಲಲಿ, ಕುಕ್ಕರಗಾಲಲ್ಲಿ ಕೂರಲಿ.

ಗರ್ಭಕೋಶದ ಬಾಯಿ 8 ಸೆಂಟಿಮೀಟರ್ ದಾಟಿದ ಮೇಲಿನದು ಕಷ್ಟದ ಹೊತ್ತು. ಬಿಡುವು ತಾನಾಗಿಯೇ ಕಿರಿದಾಗುತ್ತದೆ. ಕಾಲು ನಡುಗುತ್ತದೆ, ವಾಂತಿಯಾಗುತ್ತದೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳೂ "ನನ್ ಕೈಲಾಗಲ್ಲ, ಹೊಟ್ಟೆ ಕೊಯ್ದುಬಿಡಿ" ಎನ್ನುವುದು ಸಾಮಾನ್ಯವಾಗಿ ಇಲ್ಲೇ. ಮುಗಿಯುತ್ತ ಬಂತು ಎನ್ನುವುದಕ್ಕೆ ಅದೂ ಒಂದು ಗುರುತು. ಆಮೇಲೆ ಮಲಕ್ಕೆ ಬಂದಂಥ ಒತ್ತಡ. ನಾಚಿಕೆಪಡಬೇಕಿಲ್ಲ, ಅದು ಮಗುವಿನ ತಲೆ. ಆಗ ಯಾರೂ ಹೇಳದಿದ್ದರೂ ಮೈ ತಾನೇ ಮುಕ್ಕುತ್ತದೆ. ನೆತ್ತಿ ಕಂಡು ಚರ್ಮ ಬೆಂಕಿಯಂತೆ ಉರಿದಾಗ ಮುಕ್ಕದೆ ಏದುಸಿರು ಬಿಟ್ಟರೆ ಹರಿಯುವುದು ಕಡಿಮೆ.

ನೀರು ಹಸಿರಾಗಿ ಹೋದರೆ, ರಕ್ತ ಸುರಿದರೆ, ಮಗುವಿನ ಎದೆಬಡಿತ ನಿಮಿಷಕ್ಕೆ 110ಕ್ಕಿಂತ ಇಳಿದು ಅಲ್ಲೇ ಉಳಿದರೆ ಸಹಜ ಹೆರಿಗೆಯ ಹಟ ಬಿಡಬೇಕು. ನೋವು ತಡೆಯಲಾರೆ, ಔಷಧಿ ಕೊಡಿ ಎಂದು ಕೇಳಿದವಳು ಸೋತವಳಲ್ಲ. ನಮ್ಮ ಬಹಳಷ್ಟು ಹೆಂಗಸರಿಗೆ ಕೇಳಿದರೂ ಸಿಗುವುದಿಲ್ಲ, ಅದು ಬೇರೆ ಮಾತು.

ಏನೂ ಬೇಡ ಎಂದು ಹೊರಟವರೂ ಒಂದನ್ನು ಬೇಡ ಎನ್ನಬಾರದು: ಮಗು ಬಂದ ಕೂಡಲೇ ಕೊಡುವ 10 ಯೂನಿಟ್ ಆಕ್ಸಿಟೋಸಿನ್. ಮಾಸು ಕಳಚಿದ ಜಾಗದಿಂದ ರಕ್ತ ಹೋಗುವುದನ್ನು ತಡೆಯಲು ಗರ್ಭಕೋಶ ಗಟ್ಟಿಯಾಗಿ ಮುದುಡಬೇಕು. ಮಗು ಮೊಲೆ ಚೀಪಿದಾಗ ಮೈಯೊಳಗಿನ ಆಕ್ಸಿಟೋಸಿನ್ ಕೂಡ ಇದೇ ಕೆಲಸ ಮಾಡುತ್ತದೆ. ಹಾಲೂಡುವಾಗ ಬಾಣಂತಿಗೆ ಕಿಬ್ಬೊಟ್ಟೆ ಹಿಂಡಿದಂತಾಗುವುದು ಅದಕ್ಕೇ. ಚೊಚ್ಚಲಿಗಿಂತ ಎರಡನೆಯ, ಮೂರನೆಯ ಬಾಣಂತನದಲ್ಲಿ ಅದು ಹೆಚ್ಚು.