ಬಾಡಿಗೆದಾರನ ಮೇಲೆ ಶಂಕೆ, ಮಾರಾಟಗಾರನ ಮೇಲೆ ನಂಬಿಕೆ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಕೊಡುವಾಗಲೆಲ್ಲ ನಾನು ಒಂದು ಸಣ್ಣ ವಿಚಾರಣಾ ಆಯೋಗವನ್ನೇ ನಡೆಸುತ್ತೇನೆ. ಬಂದವರ ಊರು, ಉದ್ಯೋಗ, ಹಿಂದಿನ ಮನೆ ಬಿಟ್ಟ ಕಾರಣ, ಆಧಾರ್ ಪ್ರತಿ, ಮುಂಗಡ, ಹನ್ನೊಂದು ತಿಂಗಳ ಕರಾರು. ಇದರ ಮುಂದೆ ಹೆಣ್ಣು ನೋಡುವ ಶಾಸ್ತ್ರವೇ ಸುಲಭ ಎಂದು ನನ್ನ ಪತ್ನಿ ಹೇಳುವುದುಂಟು. ಇಷ್ಟೆಲ್ಲ ಜಾಗರೂಕನಾದ ನಾನು, 2012ರಲ್ಲಿ ಹರಿಹರ ರಸ್ತೆಯ ಪಕ್ಕದ ಬಡಾವಣೆಯೊಂದರಲ್ಲಿ ಮೂವತ್ತು–ನಲವತ್ತರ ನಿವೇಶನ ಕೊಂಡಾಗ, ಜಮೀನಿನ ಮೂಲ ಮಾಲೀಕರಾದ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರು ಇದ್ದಾರೆಯೇ ಎಂದು ಕೇಳಲಿಲ್ಲ. ಒಬ್ಬರಿದ್ದರು. ಆ ಸಂಗತಿ 2021ರಲ್ಲಿ ನ್ಯಾಯಾಲಯದ ಸಮನ್ಸ್ ರೂಪದಲ್ಲಿ ಮನೆಗೆ ಬಂತು.

ನಮ್ಮಂಥ ಮನೆ ಮಾಲೀಕರ ದೊಡ್ಡ ಭಯವೆಂದರೆ ಬಾಡಿಗೆದಾರ ಹನ್ನೆರಡು ವರ್ಷ ಕೂತರೆ ಮನೆ ಅವನದೇ ಆಗುತ್ತದೆ ಎಂಬುದು. ಇದು ಕಾನೂನು ತಿಳಿಯದ ಮಾತು. ಮಾಲೀಕನ ಅನುಮತಿಯಿಂದ ಒಳಗೆ ಬಂದವನು ಎಷ್ಟು ವರ್ಷ ಬಾಡಿಗೆಗಿದ್ದರೂ ಬಾಡಿಗೆದಾರನೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಮೇಲೆ, ಸ್ಥಳವನ್ನು ಅವಲಂಬಿಸಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ವ್ಯಾಪ್ತಿಯಿಂದಲೇ ಹೊರಗುಳಿದವು. ಇಂದಿನ ದಾವಣಗೆರೆಯಲ್ಲಿ ಆ ಬಾಡಿಗೆಗೆ ಒಳ್ಳೆಯ ಕೋಣೆಯೂ ಸಿಗದು. ಹಾಗಾಗಿ ನಮಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಹದಿನೈದು ದಿನಗಳ ನೋಟಿಸು. ತೆರವಿನ ದಾವೆ ಎಳೆಯಬಹುದು, ಕಿರಿಕಿರಿಯಾಗಬಹುದು. ಆದರೆ ಬಾಡಿಗೆದಾರನಿಂದ ನಮ್ಮ ಹಕ್ಕಿಗೇ ಕುತ್ತು ಬರುವುದು ಬಹುತೇಕ ಅಸಾಧ್ಯ. ಕುತ್ತು ಬರುವುದು ನಾವು ಕಾಫಿ ಕೊಟ್ಟು, ಕೈಮುಗಿದು, ಹಣ ಎಣಿಸಿಕೊಡುವ ಮಾರಾಟಗಾರನಿಂದ.

ದಾವಣಗೆರೆ 1997ರಲ್ಲಿ ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು. ಹರಿಹರಕ್ಕೆ ಹೋಗುವ ಹದಿನಾಲ್ಕು ಕಿಲೋಮೀಟರ್ ಉದ್ದಕ್ಕೂ ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ ಕಲ್ಲು ನೆಟ್ಟರು. ಅತ್ತ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದರೂ ನಿವೇಶನದ ಬೆಲೆ ಇಳಿಯಲಿಲ್ಲ. ನಿವೃತ್ತಿಯ ಅಂಚಿನಲ್ಲಿದ್ದ ನಮ್ಮಂಥವರಿಗೆ ಷೇರುಪೇಟೆ ಎಂದರೆ ಜೂಜು, ಸೈಟು ಎಂದರೆ ಭದ್ರತೆ.

ನನ್ನ ಕಾಗದಗಳಲ್ಲಿ ಕುಂದಿರಲಿಲ್ಲ. ಭೂಪರಿವರ್ತನೆಯಾಗಿತ್ತು, ಬಡಾವಣೆಗೆ ಅನುಮೋದನೆಯಿತ್ತು, ಋಣಭಾರ ಪತ್ರ ಶುದ್ಧವಾಗಿತ್ತು. ವಕೀಲರೊಬ್ಬರು ಎರಡು ಪುಟದ ಅಭಿಪ್ರಾಯವನ್ನೂ ಬರೆದುಕೊಟ್ಟಿದ್ದರು. ಕುಂದು ಇದ್ದದ್ದು ವಂಶವೃಕ್ಷದಲ್ಲಿ. ತಂದೆ ತೀರಿಕೊಂಡ ಮೇಲೆ ಪಹಣಿಗೆ ಹೆಸರು ಸೇರಿಸಲು ಕೊಟ್ಟ ಆ ವೃಕ್ಷಕ್ಕೆ ಇಬ್ಬರು ಗಂಡುಮಕ್ಕಳು ಮಾತ್ರ ಕೊಂಬೆಗಳು. ಮದುವೆಯಾಗಿ ಹೋದ ಮಗಳನ್ನು ಬರೆದೇ ಇರಲಿಲ್ಲ. ಕಡತ ನೋಡುವುದರಲ್ಲೇ ಆಯುಷ್ಯ ಕಳೆದ ನಾನು ಅದನ್ನು ನೋಡಿಯೂ ಮುಂದಿನ ಹಾಳೆಗೆ ಹೋದೆ.

ಉಪನೋಂದಣಾಧಿಕಾರಿ ದಸ್ತಾವೇಜನ್ನು ನೋಂದಾಯಿಸುತ್ತಾರೆಯೇ ಹೊರತು ಮಾರುವವನ ಹಕ್ಕಿಗೆ ಹೊಣೆಯಾಗುವುದಿಲ್ಲ. ಋಣಭಾರ ಪತ್ರ ನೋಂದಣಿಯಾದ ವ್ಯವಹಾರಗಳನ್ನು ತೋರಿಸುತ್ತದೆ, ಬಿಟ್ಟುಹೋದ ಮಗಳನ್ನು ತೋರಿಸುವುದಿಲ್ಲ. ಖಾತೆಯಂತೂ, ಎ ಇರಲಿ ಬಿ ಇರಲಿ, ತೆರಿಗೆಯ ದಾಖಲೆ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. ಎಂ.ಎ. ತರಗತಿಯಲ್ಲಿ ಅದನ್ನು ಓದಿ ಅಂಕ ಪಡೆದವನು ನಾನು.

ತವರಿನ ಆಸ್ತಿ ಕೇಳಲು ಹೆಣ್ಣುಮಕ್ಕಳಿಗೆ ಇತ್ತೀಚೆಗೆ ಯಾರೋ ಕಲಿಸಿಕೊಟ್ಟರು ಎಂದು ಗೊಣಗುವವರಿದ್ದಾರೆ. ತಂದೆಯ ಪಾಲಿನಲ್ಲಿ ಮಗಳಿಗೆ ಭಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ನಮ್ಮ ರಾಜ್ಯ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ತಿದ್ದುಪಡಿ ಮದುವೆಯ ಭೇದವನ್ನೂ ಅಳಿಸಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ನಮ್ಮದೇ ರಾಜ್ಯದ ಪ್ರಕಾಶ್–ಫೂಲವತಿ ಪ್ರಕರಣದಲ್ಲಿ ಹೇಳಿತ್ತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಆ ಷರತ್ತನ್ನು ತೆಗೆದುಹಾಕಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಮಾರಾಟಗಳಿಗೆ ಕಾಯ್ದೆಯಲ್ಲೇ ರಕ್ಷಣೆಯಿದೆ. ನನ್ನದು ಅದಕ್ಕೆ ಏಳು ವರ್ಷ ತಡ.

2016ರ ರೇರಾ ಕಾಯ್ದೆಯಡಿ ನೋಂದಣಿಯಾದ ಬಡಾವಣೆಯಾಗಿದ್ದರೆ, ಹಕ್ಕಿನ ದೋಷದಿಂದಾದ ನಷ್ಟವನ್ನು ಬಡಾವಣೆ ಮಾಡಿದವರಿಂದ ಕೇಳಬಹುದಿತ್ತು. ಅದಕ್ಕೆ ಕಾಲಮಿತಿಯೂ ಇಲ್ಲ. ನಾನು ಕೊಂಡಾಗ ರೇರಾ ಇರಲಿಲ್ಲ. ಇಂದು ಕೊಳ್ಳುವವರು ಇದನ್ನು ಗಮನಿಸಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ ಎಂಬುದನ್ನೂ ನೋಡಿಕೊಳ್ಳಬೇಕು. 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಭೂಮಿಯನ್ನು ಮರಳಿ ಕೇಳುವುದಕ್ಕೆ ಕಾಲಮಿತಿಯಿಲ್ಲ.

ಸರ್ಕಾರ ಮಾಡಬಹುದಾದ ಒಂದು ಕೆಲಸವಿದೆ. ಭೂಪರಿವರ್ತನೆಯ ಅರ್ಜಿಯೊಂದಿಗೆ, ಮದುವೆಯಾದ ಹೆಣ್ಣುಮಕ್ಕಳೂ ಸೇರಿದ ವಂಶವೃಕ್ಷವನ್ನು ಕಡ್ಡಾಯ ಮಾಡಿ, ಅದನ್ನು ಮೂವತ್ತು ದಿನ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ. ಹಳ್ಳಿಯಲ್ಲಿ ಯಾರ ಮನೆಗೆ ಎಷ್ಟು ಹೆಣ್ಣುಮಕ್ಕಳೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಪೇಟೆಯಿಂದ ಬಂದು ಕೊಳ್ಳುವ ನಮಗೆ.

ಹರಿಹರದ ನ್ಯಾಯಾಲಯದ ಆವರಣದಲ್ಲಿ ಆ ಹೆಣ್ಣುಮಗಳನ್ನು ನಾನು ಕಂಡಿದ್ದೇನೆ. ನನಗಿಂತ ಹಿರಿಯರು. ಒಂದು ವಾಯಿದೆಯ ದಿನ ತಾವಾಗಿಯೇ ಮಾತನಾಡಿಸಿದರು: “ನಿಮ್ ಮ್ಯಾಲೆ ನಂಗೇನು ಸಿಟ್ಟಿಲ್ಲ ಸರ್. ನಮ್ಮಪ್ಪಗೆ ನಾನು ಹುಟ್ಟೇ ಇಲ್ಲ ಅನ್ನಂಗೆ ಬರೆದಾರಲ್ಲ, ಅದಕ್ಕೆ ಬಂದೀನಿ.” ನನ್ನ ಬಳಿ ಉತ್ತರವಿರಲಿಲ್ಲ.

ನನ್ನ ವಕೀಲರಿಗೆ ಒಂದು ದಾರಿ ಕಾಣುತ್ತಿದೆ. ಮಾರಾಟವಾದ ಭಾಗವನ್ನು ಅಣ್ಣತಮ್ಮಂದಿರ ಪಾಲಿಗೆ ಹಾಕಿ, ಆಕೆಯ ಪಾಲನ್ನು ಉಳಿದ ಜಮೀನಿನಲ್ಲಿ ಕೊಡಿ ಎಂದು ಕೋರುವುದು. ನ್ಯಾಯಾಲಯಗಳು ಇದನ್ನು ಒಪ್ಪುವುದುಂಟು. ಒಪ್ಪಿದರೆ ನನ್ನ ನಿವೇಶನ ಉಳಿಯುತ್ತದೆ. ಆದರೆ ಉಳಿದಿರುವ ಜಮೀನನ್ನು ನಾನು ಹೋಗಿ ನೋಡಿಬಂದೆ. ನಾಲೆಯ ಕೊನೆಯ ಭಾಗ, ರಸ್ತೆಯಿಲ್ಲ, ಬೇಸಿಗೆಯಲ್ಲಿ ನೀರು ತಲುಪುವುದಿಲ್ಲ. ಅರ್ಜಿ ಸಿದ್ಧವಾಗಿದೆ, ನನ್ನ ಸಹಿ ಬಾಕಿಯಿದೆ. ಮುಂದಿನ ವಾಯಿದೆಯೊಳಗೆ ಹೇಳುತ್ತೇನೆಂದು ವಕೀಲರಿಗೆ ತಿಳಿಸಿದ್ದೇನೆ.