ಮಗುವಿಗೆ ಹಸುವಿನ ಹಾಲು: ಒಂದು ವರ್ಷ ತುಂಬಲಿ



ಇವತ್ತಿನ ಮಾತು ಒಂದು ಫೋನ್ ಕರೆಯಿಂದ ಶುರುವಾಗುತ್ತದೆ. ಈ ಕರೆ ನಿಮ್ಮ ಮನೆಗೂ ಬಂದಿರಬಹುದು. ಶುಕ್ರವಾರ ಬೆಳಿಗ್ಗೆ, ರುವಿಯಲ್ಲೋ ಅಲ್ ಖುವೈರಿನಲ್ಲೋ ಒಂದು ಫ್ಲ್ಯಾಟ್. ವಿಡಿಯೊದಲ್ಲಿ ಊರಿನ ಅಜ್ಜಿ. ಮಗುವಿಗೆ ಎಂಟು ತಿಂಗಳು. "ಇನ್ನೂ ಎದೆಹಾಲೇನಾ? ಹಸುವಿನ ಹಾಲು ಶುರು ಮಾಡು, ಮಗು ಗಟ್ಟಿಯಾಗುತ್ತೆ" ಅಂತ ಅಜ್ಜಿ. "ಪೌಡರ್ ಹಾಲು ಕೊಡಿ, ರಾತ್ರಿ ಚೆನ್ನಾಗಿ ಮಲಗುತ್ತೆ" ಅಂತ ಪಕ್ಕದ ಮನೆಯವರು. "ವರ್ಷ ತುಂಬುವ ತನಕ ಬೇಡ" ಅಂತ ಕ್ಲಿನಿಕ್ಕಿನ ನರ್ಸ್. ಯಾರ ಮಾತು ಕೇಳಬೇಕು?

ನಿಮ್ಮಲ್ಲಿ ಅನೇಕರು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಈಗ ನಿಮ್ಮದೇ ಸಂಸಾರ ಶುರು ಮಾಡಿದ್ದೀರಿ. ಮದುವೆಯಾಗದವರೂ ಕೇಳಿ. ನಾಳೆ ಅಕ್ಕನ ಮಗುವಿಗೆ ಹಾಲು ತರಲು ಸೂಪರ್‌ಮಾರ್ಕೆಟ್‌ಗೆ ಹೋಗುವವರು ನೀವೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಒಮಾನಿನ ಬೇಸಿಗೆಯಲ್ಲೂ ನೀರು ಕೂಡ ಬೇಡ. ಆರು ತಿಂಗಳ ನಂತರ ಎದೆಹಾಲಿನ ಜೊತೆ ಊಟ. 12 ತಿಂಗಳು ತುಂಬಿದ ಮೇಲೆ, ಬೇಕಿದ್ದರೆ, ಹಸುವಿನ ಹಾಲನ್ನು ಕುಡಿಯಲು ಕೊಡಬಹುದು. ಆಗಲೂ ಎದೆಹಾಲು ನಿಲ್ಲಿಸಬೇಕಾಗಿಲ್ಲ. ಎರಡು ವರ್ಷ ಮತ್ತು ಆಮೇಲೂ ಮುಂದುವರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿನ ನೆರೆಹೊರೆಯವರಿಗೆ ಇದು ಹೊಸ ಮಾತಲ್ಲ. ಎರಡು ವರ್ಷ ಹಾಲುಣಿಸುವ ಮಾತು ಕುರಾನಿನಲ್ಲೇ ಇದೆ.

ಹಾಗಾದರೆ "ಎದೆಹಾಲು ಬಿಡಿಸಿ ಹಸುವಿನ ಹಾಲಿಗೆ ಹಾಕುವುದು ಯಾವಾಗ" ಅನ್ನುವ ಪ್ರಶ್ನೆಯಲ್ಲೇ ಒಂದು ಸಣ್ಣ ತಪ್ಪಿದೆ. ಎದೆಹಾಲಿನ ಜಾಗಕ್ಕೆ ನಿಧಾನವಾಗಿ ಬರಬೇಕಾದದ್ದು ಊಟ. ಹಸುವಿನ ಹಾಲು ಆ ಊಟದ ಒಂದು ಭಾಗ ಅಷ್ಟೇ.

ಒಂದು ವರ್ಷ ಯಾಕೆ ಕಾಯಬೇಕು? ಮುಖ್ಯ ಕಾರಣ ಕಬ್ಬಿಣ, ನಾವೆಲ್ಲ ಐರನ್ ಅನ್ನುವುದು. ತಿಂಗಳು ತುಂಬಿ ಹುಟ್ಟಿದ ಮಗು ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಐರನ್ ಕೂಡಿಟ್ಟುಕೊಂಡು ಬರುತ್ತದೆ. ಆ ಉಳಿತಾಯ ನಾಲ್ಕರಿಂದ ಆರು ತಿಂಗಳಲ್ಲಿ ಕರಗುತ್ತದೆ. ಅನ್ನಪ್ರಾಶನವನ್ನು ಹಿರಿಯರು ಆರನೇ ತಿಂಗಳಿನ ಹೊತ್ತಿಗೆ ಇಟ್ಟುಕೊಂಡಿದ್ದು ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಅಲ್ಲಿಂದ ಮುಂದೆ ಐರನ್ ಊಟದಿಂದಲೇ ಬರಬೇಕು.

ಎದೆಹಾಲಿನಲ್ಲೂ ಐರನ್ ಕಡಿಮೆ, ಹಸುವಿನ ಹಾಲಿನಲ್ಲೂ ಕಡಿಮೆ. ಆದರೆ ಎದೆಹಾಲಿನ ಐರನ್‌ನಲ್ಲಿ ಸುಮಾರು ಅರ್ಧದಷ್ಟು ಮಗುವಿನ ಮೈಗೆ ಹತ್ತುತ್ತದೆ. ಹಸುವಿನ ಹಾಲಿನದರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಸಾಲದ್ದಕ್ಕೆ ಹಸುವಿನ ಹಾಲಿನ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನ್, ಊಟದಲ್ಲಿರುವ ಐರನ್ನನ್ನೂ ತಡೆಯುತ್ತವೆ. ಕೆಲವು ಶಿಶುಗಳಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ. ಹೀಗೆ ಒಂದು ಕಡೆ ಜಮೆ ಕಡಿಮೆ, ಇನ್ನೊಂದು ಕಡೆ ಖರ್ಚು ಹೆಚ್ಚು.

ಎರಡನೆಯ ಕಾರಣ ಮೂತ್ರಪಿಂಡ. ಕರು ಹುಟ್ಟಿದಾಗಿನ ತೂಕವನ್ನು ಸುಮಾರು ಒಂದೂವರೆ ತಿಂಗಳಲ್ಲಿ ಎರಡರಷ್ಟು ಮಾಡಿಕೊಳ್ಳುತ್ತದೆ. ನಮ್ಮ ಮಗುವಿಗೆ ಸುಮಾರು ಐದು ತಿಂಗಳು ಬೇಕು. ಅದಕ್ಕೇ 100 ಮಿಲಿ ಎದೆಹಾಲಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ ಇದ್ದರೆ, ಹಸುವಿನ ಹಾಲಿನಲ್ಲಿ 3 ಗ್ರಾಂ ದಾಟುತ್ತದೆ. ಉಪ್ಪಿನಂಶವೂ ಹೆಚ್ಚು. ಇದನ್ನೆಲ್ಲ ಹೊರಹಾಕಲು ಶಿಶುವಿನ ಮೂತ್ರಪಿಂಡ ಹೆಚ್ಚು ನೀರು ಖರ್ಚು ಮಾಡಬೇಕು. ಬೇಸಿಗೆಯಲ್ಲಿ ಜ್ವರವೋ ಭೇದಿಯೋ ಬಂದರೆ ಮಗು ಬೇಗ ಸೊರಗುತ್ತದೆ.

"ನಮ್ಮಮ್ಮ ನನಗೆ ಆರು ತಿಂಗಳಿಗೇ ನೀರು ಬೆರೆಸಿದ ಹಸುವಿನ ಹಾಲು ಕೊಟ್ಟಿದ್ದರು, ನನಗೇನಾಯಿತು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂದು ಹಳ್ಳಿಯಲ್ಲಿ ತಾಯಿಗೆ ಹಾಲು ಸಾಲದಿದ್ದರೆ ಬೇರೆ ದಾರಿ ಇರಲಿಲ್ಲ. ಹಸು ಕೊಟ್ಟಿಗೆಯಲ್ಲಿತ್ತು, ಮಗು ಬದುಕಬೇಕಿತ್ತು. ಇವತ್ತಿಗೂ ಎದೆಹಾಲು ಸಿಗದ 6ರಿಂದ 11 ತಿಂಗಳ ಮಗುವಿಗೆ ಫಾರ್ಮುಲಾ ಅಥವಾ ಪ್ರಾಣಿಗಳ ಹಾಲು, ಎರಡರಲ್ಲಿ ಯಾವುದನ್ನಾದರೂ ಕೊಡಬಹುದು ಎಂದೇ ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದು ಜಗತ್ತಿನ ಎಲ್ಲ ಮನೆಗಳನ್ನೂ ನೆನಪಿನಲ್ಲಿಟ್ಟು ಬರೆದದ್ದು. ಒಳ್ಳೆಯ ಫಾರ್ಮುಲಾ ಸುಲಭವಾಗಿ ಸಿಗುವ ಮಸ್ಕತ್ತಿನಂಥ ಊರಿನಲ್ಲಿ ಮಕ್ಕಳ ವೈದ್ಯರು ವರ್ಷದ ತನಕ ಅದನ್ನೇ ಹೇಳುವುದು ಐರನ್ ಕಾರಣಕ್ಕೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದೇ. ಅಂದರೆ ಅಜ್ಜಿ ಅಪರಾಧ ಮಾಡಲಿಲ್ಲ, ನರ್ಸ್ ಹೆದರಿಸುತ್ತಲೂ ಇಲ್ಲ. ಎದೆಹಾಲು ಸಾಕಷ್ಟಿದ್ದರೆ ಎರಡರ ಅಗತ್ಯವೂ ಇಲ್ಲ. ಆರು ತಿಂಗಳ ನಂತರ ಊಟದ ಜೊತೆ ಒಂದೆರಡು ಚಮಚ ಮೊಸರು, ಸರಿಯಲ್ಲಿ ಸ್ವಲ್ಪ ಹಾಲು ಹಾಕಿದರೆ ತೊಂದರೆಯಿಲ್ಲ. ಬಾಟಲ್ ತುಂಬಿಸಿ ಕುಡಿಸುವುದು ಬೇಡ.

ಇನ್ನು ನನ್ನದೇ ಒಂದು ಕತೆ. ನನ್ನ ಮಗನಿಗೆ ಹಸುವಿನ ಹಾಲು ಶುರು ಮಾಡಿದ್ದು ಸರಿಯಾಗಿ ವರ್ಷ ತುಂಬಿದ ಮೇಲೆಯೇ. ವಯಸ್ಸಿನಲ್ಲಿ ತಪ್ಪಲಿಲ್ಲ, ಅಳತೆಯಲ್ಲಿ ತಪ್ಪಿದೆ. ಬೆಳಿಗ್ಗೆ ಒಂದು ಬಾಟಲ್, ಮಧ್ಯಾಹ್ನ ಒಂದು, ರಾತ್ರಿ ಎದ್ದಾಗಲೆಲ್ಲ ಒಂದು. ದಿನಕ್ಕೆ ಲೀಟರ್ ಹತ್ತಿರ ಹೋಗುತ್ತಿತ್ತು. ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು. "ಹಾಲು ಕುಡಿಯುತ್ತಾನಲ್ಲ, ಸಾಕು" ಅಂದುಕೊಂಡೆ. ಮಗು ದುಂಡಗಿದ್ದ, ಬೆಳ್ಳಗಾಗುತ್ತಿದ್ದ. ಊರಿಗೆ ಹೋದಾಗ ಎಲ್ಲರೂ "ಎಷ್ಟು ಬೆಳ್ಳಗಿದ್ದಾನೆ" ಅಂದರು. ಹದಿನೆಂಟು ತಿಂಗಳ ಲಸಿಕೆಗೆ ಹೋದಾಗ ವೈದ್ಯೆ ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 8 ಇತ್ತು. ಆ ಬಿಳುಪು ರಕ್ತಹೀನತೆಯದು. ಮೂರು ತಿಂಗಳು ಐರನ್ ಡ್ರಾಪ್ಸ್, ಬಾಟಲ್ ಬಂದ್, ಊಟ ಮೊದಲು. ಅವನು ಸರಿಹೋದ. ಆದರೆ ಮಿದುಳು ಬೆಳೆಯುವ ಈ ವಯಸ್ಸಿನಲ್ಲಿ ಐರನ್ ಕೊರತೆ ಬಹಳ ಕಾಲ ಉಳಿದರೆ ಕಲಿಕೆಯ ಮೇಲೂ ಪೆಟ್ಟು ಬೀಳಬಹುದು ಎಂದು ಆ ದಿನ ತಿಳಿದಾಗ ನನಗಾದ ಭಯ ನಿಮಗೆ ಬೇಡ. ಇದು ನಮ್ಮ ಮನೆಯ ಕತೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಾರಣಗಳು ಹಲವು. ನಮ್ಮ ಕೈಯಲ್ಲಿರುವ ಕಾರಣವನ್ನಾದರೂ ನಾವು ಕಡಿಮೆ ಮಾಡೋಣ.

ಆದ್ದರಿಂದ ವರ್ಷ ತುಂಬಿದ ಮೇಲೆ ಅಳತೆ ನೆನಪಿಡಿ. ದಿನಕ್ಕೆ ಸುಮಾರು 350ರಿಂದ 400 ಮಿಲಿ ಸಾಕು, ಅರ್ಧ ಲೀಟರ್ ದಾಟಬೇಡಿ. ಎದೆಹಾಲು ಚೆನ್ನಾಗಿ ಕುಡಿಯುತ್ತಿದ್ದರೆ ಇನ್ನೂ ಕಡಿಮೆ ಸಾಕು. ಮೊಸರು, ಪನೀರ್ ತಿಂದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಮೊದಲ ದಿನ ಎರಡು ಮೂರು ಚಮಚ ಕೊಟ್ಟು ನೋಡಿ. ರುಚಿ ಹಿಡಿಸದಿದ್ದರೆ ಹಿಂಡಿದ ಎದೆಹಾಲಿನ ಜೊತೆ ಬೆರೆಸಿ, ವಾರದಲ್ಲಿ ನಿಧಾನವಾಗಿ ಪ್ರಮಾಣ ಬದಲಿಸಿ. ನೀರು ಬೆರೆಸಬೇಡಿ, ಸಕ್ಕರೆ ಹಾಕಬೇಡಿ. ಬಾಟಲ್ ಬೇಡ, ಲೋಟದಲ್ಲಿ ಕೊಡಿ. ಅಜ್ಜಿಯ ಕಾಲದಲ್ಲಿ ಒಳಲೆ ಇತ್ತಲ್ಲ, ಅದರ ಹಿಂದಿನ ಬುದ್ಧಿವಂತಿಕೆಯೂ ಇದೇ. ಮೈಮೇಲೆ ದದ್ದು, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಕಂಡರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಉಸಿರಾಟ ಕಷ್ಟವಾದರೆ ಅಥವಾ ಮುಖ ಊದಿಕೊಂಡರೆ ತಕ್ಷಣ ಎಮರ್ಜೆನ್ಸಿಗೆ.

ಈಗ ಸೂಪರ್‌ಮಾರ್ಕೆಟ್‌ಗೆ ಹೋಗೋಣ. ಫ್ರಿಜ್ ಸಾಲಿನಲ್ಲಿ ಅಲ್ಮರಾಯ್ ಇರುತ್ತದೆ, ಒಮಾನಿನದೇ ಆದ ಮಜೂನ್ ಇರುತ್ತದೆ. ಕಂಪನಿ ಯಾವುದಾದರೂ ಆಗಲಿ, ನೋಡಬೇಕಾದ ಮಾತು ಒಂದೇ: ಅರಬ್ಬಿಯಲ್ಲಿ "ಕಾಮಿಲ್ ಅದ್ದಸಮ್", ಅಂದರೆ ಪೂರ್ತಿ ಕೊಬ್ಬಿನ ಹಾಲು. "ಕಲೀಲ್ ಅದ್ದಸಮ್" ಅಂದರೆ ಕಡಿಮೆ ಕೊಬ್ಬು. ಎರಡು ವರ್ಷದ ತನಕ ಅದು ಮಗುವಿಗೆ ಬೇಡ, ಬೆಳೆಯುವ ಮಿದುಳಿಗೆ ಕೊಬ್ಬು ಬೇಕು. ಕರಕ್ ಚಹಾಕ್ಕೆ ಹಾಕುವ ರೇನ್‌ಬೋ ಡಬ್ಬಿಯ ಹಾಲು ಚಹಾಕ್ಕೇ ಇರಲಿ. ಕಂಡೆನ್ಸ್ಡ್ ಮಿಲ್ಕ್ ಪಾಯಸಕ್ಕೆ. "ಒಂದು ವರ್ಷ ಮೇಲ್ಪಟ್ಟವರಿಗೆ" ಎಂದು ಬಣ್ಣದ ಡಬ್ಬಿಯಲ್ಲಿ ಬರುವ ದುಬಾರಿ ಪೌಡರಿಗೆ ದುಡ್ಡು ಸುರಿಯುವ ಅಗತ್ಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುವುದಿಲ್ಲ.

ಖರೀಫ್ ಸಮಯದಲ್ಲಿ ಸಲಾಲಾಗೆ ಹೋಗುವವರಿಗೆ ಒಂದು ಮಾತು. ಹಸಿರು ಗುಡ್ಡ, ಮಂಜು, ರಸ್ತೆಯಲ್ಲಿ ಅಡ್ಡ ನಿಂತ ಹಸುಗಳು, ಮಲೆನಾಡೇ ಕಂಡಂತಾಗುತ್ತದೆ. ಆಗ ಕರೆದ ಹಸಿ ಹಾಲು, ಒಂಟೆಯ ಹಾಲು ಯಾರಾದರೂ ಪ್ರೀತಿಯಿಂದ ಕೊಡಬಹುದು. ಧೋಫಾರ್ ಪ್ರಾಂತ್ಯದಲ್ಲಿ ಬ್ರುಸೆಲ್ಲೋಸಿಸ್ ಎಂಬ ಜ್ವರ ಇವತ್ತಿಗೂ ಇದೆ, ಅದು ಹಸಿ ಹಾಲಿನಿಂದ ಹರಡುತ್ತದೆ. ಮಗುವಿಗಂತೂ ಕಾಯಿಸದ ಹಾಲು ಬೇಡವೇ ಬೇಡ. ನೀವೂ ಕಾಯಿಸಿಯೇ ಕುಡಿಯಿರಿ.

ಕೆಲಸಕ್ಕೆ ಹೋಗುವ ತಾಯಂದಿರಿಗೆ "ವರ್ಷ ಕಾಯಿರಿ" ಅನ್ನುವುದು ಸುಲಭದ ಮಾತಲ್ಲ. ಭಾರತದಲ್ಲಿ 2017ರಿಂದ ಹೆರಿಗೆ ರಜೆ 26 ವಾರ. ಒಮಾನಿನ 2023ರ ಕಾರ್ಮಿಕ ಕಾನೂನಿನಲ್ಲಿ 98 ದಿನ, ಅಂದರೆ 14 ವಾರ. ಆದರೆ ಅದೇ ಕಾನೂನು, ರಜೆ ಮುಗಿದ ಮೇಲೆ ಒಂದು ವರ್ಷ, ದಿನಕ್ಕೆ ಒಂದು ಗಂಟೆಯನ್ನು ಮಗುವಿಗಾಗಿ ಕೊಡುತ್ತದೆ. ಇದು ನಿಮ್ಮ ಹಕ್ಕು, ಕೇಳಲು ಸಂಕೋಚ ಬೇಡ. ಹಿಂಡಿದ ಎದೆಹಾಲು ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ, ಎಸಿ ಇರುವ ಕೋಣೆಯಲ್ಲಿ ನಾಲ್ಕು ಗಂಟೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ, ಐಸ್ ಇಟ್ಟ ಬ್ಯಾಗ್ ಒಯ್ಯಿರಿ. ಇಷ್ಟಾಗಿಯೂ ಹಾಲು ಸಾಲದಿದ್ದರೆ ವೈದ್ಯರನ್ನು ಕೇಳಿ ಫಾರ್ಮುಲಾ ಕೊಡಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ತಂದೆಯರೇ, ಬಾಟಲ್ ತೊಳೆಯುವುದು, ಹಾಲು ಫ್ರಿಜ್‌ನಲ್ಲಿಟ್ಟು ದಿನಾಂಕ ಬರೆಯುವುದು ನಿಮ್ಮ ಕೆಲಸ.

ಎದೆಹಾಲು ನಿಲ್ಲಿಸುವ ದಿನ ಬಂದಾಗಲೂ ಬೇವಿನ ರಸ ಹಚ್ಚಿ ಒಂದೇ ದಿನಕ್ಕೆ ಬಿಡಿಸಬೇಡಿ. ಒಂದೊಂದು ಹೊತ್ತಿನ ಹಾಲನ್ನು ಕೆಲವು ದಿನಗಳ ಅಂತರದಲ್ಲಿ ಕಡಿಮೆ ಮಾಡಿ. ಮಗುವಿಗೂ ತಾಯಿಗೂ ನೋವಾಗುವುದಿಲ್ಲ.

ಕೊನೆಗೆ ಆ ಫೋನ್ ಕರೆಗೆ ಬರೋಣ. ಅಜ್ಜಿಗೆ "ಡಾಕ್ಟರ್ ಬೇಡ ಅಂದಿದ್ದಾರೆ" ಅಂತ ಮುಖ ಮುರಿಯಬೇಡಿ. ಹೀಗೆ ಹೇಳಿ: "ಅಜ್ಜಿ, ಹಸುವಿನ ಹಾಲು ವರ್ಷ ತುಂಬಿದ ಮೇಲೆ ಕೊಡುತ್ತೇವೆ. ಅಲ್ಲಿಯ ತನಕ ನಿಮ್ಮ ರಾಗಿ ಸರಿ ಕೊಡಬೇಕು. ಹೇಗೆ ಮಾಡುವುದು ಹೇಳಿಕೊಡಿ." ಅವರು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿಯುವುದನ್ನು ಹೇಳುತ್ತಾರೆ. ಕರಾವಳಿಯವರಾದರೆ ಮಣ್ಣಿ ಅನ್ನುತ್ತಾರೆ. ಮೊಳಕೆ ಕಟ್ಟಿದರೆ ರಾಗಿಯ ಐರನ್ ಮೈಗೆ ಚೆನ್ನಾಗಿ ಹತ್ತುತ್ತದೆ, ಜೊತೆಗೆ ಎರಡು ಚಮಚ ಕಿತ್ತಳೆ ರಸ ಕೊಟ್ಟರೆ ಇನ್ನೂ ಒಳ್ಳೆಯದು. ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸವೂ ಬರಲಿ. ಜೇನುತುಪ್ಪ ಮಾತ್ರ ವರ್ಷದ ತನಕ ನಾಲಿಗೆಗೂ ಬೇಡ.

ಮಗುವಿನ ಮೊದಲ ಹುಟ್ಟುಹಬ್ಬದ ದಿನ, ಅಜ್ಜಿಯನ್ನು ವಿಡಿಯೊದಲ್ಲಿ ಕೂರಿಸಿಕೊಂಡು, ಪುಟ್ಟ ಲೋಟದಲ್ಲಿ ಮೊದಲ ಗುಟುಕು ಹಾಲು ಕೊಡಿ. ಅವರಿಗೂ ಸಮಾಧಾನ, ಮಗುವಿಗೂ ಕ್ಷೇಮ.