ವಿನ್ಯಾಸ ಶಾಲೆಯಲ್ಲಿ ಸ್ವಂತ ಛಾಪು ಮೂಡುವ ಬಗೆ

ಮಗಳಿಗೆ ಫ್ಯಾಷನ್ ಡಿಸೈನ್ ಓದುವ ಆಸೆ. ಮನೆಯವರ ಪ್ರಶ್ನೆ ಒಂದೇ: ಹೊಲಿಗೆಯನ್ನು ನಮ್ಮೂರ ಟೈಲರ್ ಹತ್ತಿರವೇ ಕಲಿಯಬಹುದಲ್ಲ, ಅದಕ್ಕೆ ನಾಲ್ಕು ವರ್ಷ ಬೇಕಾ? ಕೇಳಬೇಕಾದ ಪ್ರಶ್ನೆಯೇ ಇದು. ಹೊಲಿಗೆಯನ್ನು ಟೈಲರ್ ಹತ್ತಿರ ಖಂಡಿತ ಕಲಿಯಬಹುದು. ವಿನ್ಯಾಸ ಶಾಲೆ ಕಲಿಸುವುದು ಇನ್ನೊಂದನ್ನು. ನೂರು ಉಡುಪುಗಳ ನಡುವೆ ಒಂದನ್ನು ನೋಡಿ, ಇದು ಇಂಥವರ ಕೈಕೆಲಸವೇ ಎಂದು ಗುರುತಿಸುವಂತಾದರೆ ಅದಕ್ಕೆ ಸ್ವಂತ ಛಾಪು ಎನ್ನುತ್ತಾರೆ. ಇದು ಹುಟ್ಟಿನಿಂದ ಬರುವ ವರ ಎಂದು ಹಲವರು ನಂಬುತ್ತಾರೆ. ಹಾಗೇನಿಲ್ಲ. ಕೈ ಕುದುರಿದ ಹಾಗೆ ಅದೂ ಕುದುರುತ್ತದೆ. ಹೇಗೆ ಎಂದು ನೋಡೋಣ.

ಕಲಿಕೆ ನಡೆಯುವುದು ಹೇಗೆ?

ಶುರುವಾಗುವುದು ಸ್ಕೆಚ್‌ಬುಕ್‌ನಿಂದ. ಬಸ್‌ಸ್ಟ್ಯಾಂಡಿನಲ್ಲಿ ಕಂಡ ಸೀರೆಯ ನೆರಿಗೆ, ಸಂತೆಯಲ್ಲಿ ಕಂಡ ರುಮಾಲಿನ ಸುತ್ತು, ಎಲ್ಲವನ್ನೂ ಅದರಲ್ಲಿ ಗೀಚಿಡಬೇಕು. ಮುಂದಿನದು ಮೂಡ್ ಬೋರ್ಡ್. ಬಣ್ಣ, ಚಿತ್ರ, ಬಟ್ಟೆಯ ಚೂರುಗಳನ್ನು ಒಂದೇ ಹಲಗೆಗೆ ಅಂಟಿಸಿ, ತಾನು ಮಾಡಲಿರುವ ಉಡುಪಿನ ಭಾವವನ್ನು ಕಣ್ಣಿಗೆ ಕಾಣಿಸುವ ವಿಧಾನ ಅದು.

ಆಮೇಲೆ ಬರುವುದು ಡ್ರೇಪಿಂಗ್. ಅಂದರೆ ಆಳಿನ ಅಳತೆಯ ಬೊಂಬೆಯ ಮೇಲೆ ಬಟ್ಟೆ ಹೊದಿಸಿ, ಪಿನ್ನು ಚುಚ್ಚಿ, ಆಕಾರ ಕೊಡುವುದು. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಮಾದರಿ ಹೊಲಿಯುತ್ತಾರೆ. ಈ ಮಾದರಿಗೆ ಟಾಯ್ಲ್ ಎಂದು ಹೆಸರು. ತಪ್ಪು ಕಾಣುವುದು, ತಿದ್ದಿಕೊಳ್ಳುವುದು ಇಲ್ಲೇ.

ಕೊನೆಗೆ ಜ್ಯೂರಿ. ಅಧ್ಯಾಪಕರು, ಕೆಲವೊಮ್ಮೆ ಹೊರಗಿನ ಪರಿಣತರು ಎದುರು ಕೂತು ಕೆಲಸವನ್ನು ಪರಿಶೀಲಿಸುತ್ತಾರೆ. ಅಂಕ ಸಿಗುವುದೂ ಇಲ್ಲೇ, ಮುಜುಗರವಾಗುವುದೂ ಇಲ್ಲೇ. ಅವರು ಮತ್ತೆ ಮತ್ತೆ ಕೇಳುವುದು 'ಏಕೆ?' ಎಂದು. ಈ ತೋಳು ಏಕೆ? ಈ ಕೆಂಪು ಏಕೆ? ಉತ್ತರ ಹುಡುಕುತ್ತ ಹೋದ ಹಾಗೆ ತನಗೆ ನಿಜವಾಗಿ ಬೇಕಾದದ್ದು ಯಾವುದು ಎಂಬುದು ವಿದ್ಯಾರ್ಥಿಗೆ ಗೊತ್ತಾಗುತ್ತದೆ.

ಒಂದು ಉದಾಹರಣೆ

ಧಾರವಾಡದ ಕಡೆಯ ವಿದ್ಯಾರ್ಥಿನಿಯೊಬ್ಬಳು ಕಸೂತಿಯನ್ನು ಆರಿಸಿಕೊಂಡಳು ಎಂದುಕೊಳ್ಳಿ. ಮೊದಲು ಹೊಳೆಯುವುದು ಗೋಪುರದ ಚಿತ್ತಾರವನ್ನು ಕುರ್ತಾದ ಎದೆಯ ಮೇಲೆ ಅಚ್ಚು ಹಾಕಿಸುವುದು. ಅದು ಅಂಗಡಿಯಲ್ಲೂ ಸಿಗುತ್ತದೆ. ಜ್ಯೂರಿ 'ಏಕೆ?' ಎಂದಾಗ ಅವಳ ಬಳಿ ಉತ್ತರವಿಲ್ಲ.

ಊರಿಗೆ ಬಂದು ಅಜ್ಜಿಯ ಕಸೂತಿ ಹಾಕಿದ ಇಳಕಲ್ ಸೀರೆಯನ್ನು ತಿರುವಿ ಹಾಕುತ್ತಾಳೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದರಂತೆ ಮುಂದೆ ಹೋಗಿ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ. ಚಿತ್ರ ಬರೆದುಕೊಳ್ಳುವುದೂ ಇಲ್ಲ, ಬಟ್ಟೆಯ ಎಳೆಗಳ ಎಣಿಕೆಯೇ ಲೆಕ್ಕ. ಹಾಗಾಗಿ ಮುಂಭಾಗ, ಹಿಂಭಾಗ ಎರಡೂ ಒಂದೇ ರೀತಿ ಕಾಣುತ್ತವೆ. ಎರಡೂ ಮಗ್ಗುಲು ಚೆಂದವಿದ್ದರೆ ಒಳಗಿನ ಅಸ್ತರು ಏಕೆ ಬೇಕು? ಅಲ್ಲಿಂದ, ತಿರುವಿಯೂ ತೊಡಬಹುದಾದ, ಅಸ್ತರಿಲ್ಲದ ಜಾಕೆಟ್ಟು ಹೊಳೆಯುತ್ತದೆ. ಚಿತ್ತಾರವನ್ನು ಎತ್ತಿಕೊಂಡಾಗ ಸಿಗದ ಛಾಪು, ಹೊಲಿಗೆಯ ಬುದ್ಧಿಯನ್ನು ಅರಿತಾಗ ಸಿಕ್ಕಿತು.

ಕೇಂದ್ರ ಜವಳಿ ಸಚಿವಾಲಯದ ಅಡಿಯ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಇದಕ್ಕೆಂದೇ ವಿದ್ಯಾರ್ಥಿಗಳನ್ನು ನೇಕಾರರು, ಕುಶಲಕರ್ಮಿಗಳು ಇರುವ ಊರುಗಳಿಗೆ ಕಳಿಸುತ್ತದೆ. ಅಹಮದಾಬಾದಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಓದಿದ ವಿನ್ಯಾಸಕ ರಾಹುಲ್ ಮಿಶ್ರಾ 2006ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್‌ಗೆ ಮೊದಲ ಬಾರಿ ಬಂದಾಗ ತಂದದ್ದು ಕೇರಳದ ಕೈಮಗ್ಗದ ಬಟ್ಟೆ. 2014ರಲ್ಲಿ ಅಂತರರಾಷ್ಟ್ರೀಯ ವೂಲ್‌ಮಾರ್ಕ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರೇ.

ನಿಮ್ಮ ಅನುಮಾನಗಳು

ಚಿತ್ರ ಚೆನ್ನಾಗಿ ಬರೆಯಲು ಬಾರದಿದ್ದರೆ? ಹೆದರಬೇಡಿ. ಯೋಚನೆ ಎದುರಿನವರಿಗೆ ಮುಟ್ಟುವಷ್ಟು ಬಂದರೆ ಶುರುವಿಗೆ ಸಾಕು. ಬೇರೆಯವರ ಕೆಲಸ ನೋಡಿ ಬರೆದರೆ ನಕಲಾಗುವುದಿಲ್ಲವೇ? ಅಭ್ಯಾಸಕ್ಕೆ ನೋಡಿ ಮಾಡುವುದು ಕಲಿಕೆ. ಅದನ್ನೇ ತನ್ನದೆಂದು ಜ್ಯೂರಿಗೆ ಒಪ್ಪಿಸುವುದು ಕಳವು. ಕುಶಲಕರ್ಮಿಯಿಂದ ಕಲಿತಿದ್ದರೆ ಅವರ ಹೆಸರು ಹೇಳಿ, ಕೂಲಿ ಸರಿಯಾಗಿ ಕೊಡಿ.

ಖರ್ಚು ಎಷ್ಟು?

ನಿಫ್ಟ್‌ನ ನಾಲ್ಕು ವರ್ಷದ ಬಿ.ಡಿಸೈನ್ ಪದವಿಗೆ ಶುಲ್ಕವೇ ಒಟ್ಟು 10 ಲಕ್ಷ ರೂಪಾಯಿ ಮೀರುತ್ತದೆ. ಹಾಸ್ಟೆಲ್, ಲ್ಯಾಪ್‌ಟಾಪ್, ಬಟ್ಟೆ, ಬಣ್ಣದ ಖರ್ಚು ಬೇರೆ. ಕೊನೆಯ ವರ್ಷ ತನ್ನದೇ ಉಡುಪುಗಳ ಸರಣಿ, ಅಂದರೆ ಕಲೆಕ್ಷನ್, ಮಾಡುವಾಗ ಕೈಯಿಂದ ಹೆಚ್ಚು ಹಣ ಹೋಗುತ್ತದೆ. ಅದಕ್ಕೆಂದು ಮೊದಲೇ ಸ್ವಲ್ಪ ತೆಗೆದಿಡಿ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ನಿಫ್ಟ್ ಶುಲ್ಕದಲ್ಲಿ ನೆರವು ಕೊಡುತ್ತದೆ. ಬ್ಯಾಂಕಿನ ಶಿಕ್ಷಣ ಸಾಲವೂ ಸಿಗುತ್ತದೆ.

ಎಲ್ಲಿ, ಹೇಗೆ ಸೇರುವುದು?

ನಿಫ್ಟ್‌ನ ಬೆಂಗಳೂರು ಕ್ಯಾಂಪಸ್ ಎಚ್‌ಎಸ್‌ಆರ್ ಲೇಔಟ್‌ನಲ್ಲಿದೆ. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಬಿ.ಡಿಸೈನ್‌ಗೆ ಅರ್ಜಿ ಹಾಕಬಹುದು. ಪ್ರವೇಶ ಪರೀಕ್ಷೆಯಲ್ಲಿ ಮೂರು ಭಾಗ. ಮೊದಲನೆಯದು ಕ್ಯಾಟ್, ಅಂದರೆ ಕಲ್ಪನೆಯನ್ನು ಕಾಗದದ ಮೇಲೆ ಮೂಡಿಸುವ ಪರೀಕ್ಷೆ. ಎರಡನೆಯದು ಗ್ಯಾಟ್, ಅಂದರೆ ಲೆಕ್ಕ, ಭಾಷೆ, ಸಾಮಾನ್ಯ ಜ್ಞಾನ. ಮೂರನೆಯದು ಸಿಚುಯೇಷನ್ ಟೆಸ್ಟ್. ಕೊಟ್ಟ ಕಾಗದ, ದಾರ, ತಂತಿಯಂಥ ಸಾಮಗ್ರಿಯಿಂದ ಕೈಯಾರೆ ಮಾದರಿ ಕಟ್ಟಬೇಕು. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿರುತ್ತವೆ, ಕನ್ನಡ ಮಾಧ್ಯಮದವರು ಅಷ್ಟು ಇಂಗ್ಲಿಷ್ ರೂಢಿಸಿಕೊಳ್ಳಬೇಕು. ಅರ್ಜಿ ಕರೆಯುವುದು ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸು. ಆ ವರ್ಷದ ಪ್ರಕಟಣೆಯಲ್ಲಿ ವಯಸ್ಸು, ಶುಲ್ಕ, ದಿನಾಂಕ ನೋಡಿಕೊಳ್ಳಿ.

ಇಷ್ಟು ಹಣ ಹೊಂದಿಸಲಾಗದಿದ್ದರೆ ಇನ್ನೊಂದು ದಾರಿಯಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ರಾಜ್ಯದ ಕೆಲವು ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಮೂರು ವರ್ಷದ ಡಿಪ್ಲೊಮಾ ಓದಬಹುದು. ಶುಲ್ಕ ಬಹಳ ಕಡಿಮೆ. ಆಮೇಲೆ ಬಿ.ಡಿಸೈನ್‌ಗೂ ಪ್ರಯತ್ನಿಸಬಹುದು.

ಪರೀಕ್ಷೆಗೆ ಕಾಯದೆ ಈ ವಾರವೇ ಒಂದು ಕೆಲಸ ಮಾಡಿ. ಮನೆಯ ಟ್ರಂಕಿನಲ್ಲಿರುವ ಹಳೆಯ ಸೀರೆಯೋ ಕಣವೋ ಹೊರತೆಗೆದು ಹಿಂಭಾಗ ತಿರುಗಿಸಿ. ಹೊಲಿಗೆ ಎಲ್ಲಿ ಶುರುವಾಗಿದೆ, ದಾರ ಎಲ್ಲಿ ಅಡಗಿದೆ ಎಂದು ಹುಡುಕಿ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ 'ಏಕೆ?' ಎಂದು ಬರೆಯಿರಿ. ಜ್ಯೂರಿ ನಿಮ್ಮನ್ನು ಕೇಳುವುದೂ ಅದನ್ನೇ.